ಕಟ್ಟಡ ಬಿಟ್ಟು ಬೀದಿ ನೋಡಿ: 18ನೇ ಶತಮಾನದ ಇಟಲಿಯ ಎಚಿಂಗ್‌ಗಳಲ್ಲಿ ದಿನನಿತ್ಯದ ಬದುಕನ್ನು ಓದುವ ಕ್ರಮ

18ನೇ ಶತಮಾನದ ಚಿತ್ರಕಾರ ಪಿರನೇಸಿ ತಾಮ್ರದ ತಗಡಿನಿಂದ ಅಚ್ಚು ತೆಗೆದ ರೋಮ್ ಚಿತ್ರ (ಎಚಿಂಗ್) ಎದುರಿಗಿದ್ದರೆ ಕಣ್ಣು ಮೊದಲು ಗುಮ್ಮಟಕ್ಕೋ ಕಮಾನಿಗೋ ಹೋಗುತ್ತದೆ. ಚಿತ್ರಕಾರನಿಗೂ ಬೇಕಾಗಿದ್ದುದು ಅದೇ. ಊರು ನೋಡಲು ಬಂದ ಇಂಗ್ಲಿಷ್, ಫ್ರೆಂಚ್, ಜರ್ಮನ್ ಸಿರಿವಂತರು ಮನೆಗೆ ಒಯ್ಯುತ್ತಿದ್ದುದು ಗುಮ್ಮಟವನ್ನೇ ಹೊರತು ಅದರ ಮುಂದೆ ಮೂಟೆ ಇಳಿಸುತ್ತಿದ್ದ ಕೂಲಿಯವನನ್ನಲ್ಲ. ಆದರೂ ಕೂಲಿಯವ ಅಲ್ಲಿದ್ದಾನೆ, ಚಿತ್ರದ ಕೆಳಗಿನ ಕಾಲು ಭಾಗದಲ್ಲಿ. ನೀರಿನ ತೊಟ್ಟಿ, ಬಂಡಿ, ಹಗ್ಗ, ಪೀಪಾಯಿ, ಸಂತೆಯ ಚಪ್ಪರ ಇರುವುದೂ ಅಲ್ಲೇ. ಆ ಭಾಗವನ್ನು ಓದುವ ಕ್ರಮ ಇಲ್ಲಿದೆ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ಇಂಥ ಚಿತ್ರಗಳಲ್ಲಿ ನೆಲವನ್ನು ಹೆಚ್ಚು ನಂಬಬಹುದು, ವಸ್ತುಗಳನ್ನು ಅದಕ್ಕಿಂತ ತುಸು ಕಡಿಮೆ, ಜನರನ್ನು ಎಲ್ಲಕ್ಕಿಂತ ಕಡಿಮೆ. ಜಾಗವನ್ನು ಸ್ಥಳದಲ್ಲೇ ನಿಂತು ಗೀಚಿಕೊಳ್ಳುತ್ತಿದ್ದರು. ಜನರನ್ನು ಬಹುಮಟ್ಟಿಗೆ ಆಮೇಲೆ ಕಾರ್ಖಾನೆಯಲ್ಲಿ ಕೂತು ತುಂಬುತ್ತಿದ್ದರು. ಕೋಲೂರಿದ ಭಿಕ್ಷುಕ, ಕೈ ಚಾಚಿ ಏನೋ ತೋರಿಸುವವ, ಬೆನ್ನು ತಿರುಗಿಸಿ ನಿಂತ ಹೆಂಗಸು ಫಲಕದಿಂದ (ಅಂದರೆ ಒಂದು ತಗಡಿನ ಚಿತ್ರದಿಂದ) ಫಲಕಕ್ಕೆ ಮರಳಿ ಬರುತ್ತಲೇ ಇರುತ್ತಾರೆ.

ಯಾವ ಚಿತ್ರಮಾಲೆ ಯಾವುದಕ್ಕೆ

ಎಲ್ಲ ಚಿತ್ರಮಾಲೆಗಳೂ ಎಲ್ಲ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ರೋಮ್‌ನ ಬೀದಿ ಬೇಕಿದ್ದರೆ ಪಿರನೇಸಿಗಿಂತ ಮೊದಲು ಜುಸೆಪ್ಪೆ ವಾಸಿಯನ್ನು ಹಿಡಿಯಿರಿ. 1747ರಿಂದ 1761ರವರೆಗೆ ಆತ ರೋಮ್‌ನ ಬಗ್ಗೆ ಹತ್ತು ಸಂಪುಟ ಹೊರತಂದ. ಒಂದರಲ್ಲಿ ಊರಬಾಗಿಲು ಮತ್ತು ಗೋಡೆ, ಒಂದರಲ್ಲಿ ಚೌಕಗಳು, ಒಂದರಲ್ಲಿ ಟೈಬರ್ ನದಿಯ ಸೇತುವೆ ಮತ್ತು ದಡದ ಕಟ್ಟಡ, ಒಂದರಲ್ಲಿ ಆಸ್ಪತ್ರೆ, ವಿದ್ಯಾಲಯ, ಹೀಗೆ ವಿಷಯಕ್ಕೊಂದು ಸಂಪುಟ, ಒಟ್ಟು ಇನ್ನೂರಕ್ಕೂ ಹೆಚ್ಚು ಫಲಕ. ಒಂದೊಂದೂ ಸುಮಾರು 20 x 30 ಸೆಂಟಿಮೀಟರ್. ಕಲೆಯ ದೃಷ್ಟಿಯಿಂದ ವಾಸಿ ಸಪ್ಪೆ. ಆ ಸಪ್ಪೆತನವೇ ನಮಗೆ ಬೇಕು: ಆತನಿಗೆ ಬೀದಿಯನ್ನು ನಾಟಕ ಮಾಡುವ ಚಪಲವಿಲ್ಲ.

ಜೊವಾನ್ನಿ ಬಟ್ಟಿಸ್ಟಾ ಪಿರನೇಸಿ (1720-1778) ಈ ವಾಸಿಯ ಕಾರ್ಖಾನೆಯಲ್ಲೇ ಎಚಿಂಗ್ ಕಲಿತವನು. 1748ರ ಸುಮಾರಿಗೆ ಶುರುಮಾಡಿದ ರೋಮ್ ನೋಟಗಳ ಮಾಲೆಯಲ್ಲಿ ಸಾಯುವ ಹೊತ್ತಿಗೆ 135 ಫಲಕಗಳಿದ್ದವು. ಇವು ದೊಡ್ಡವು, ಸುಮಾರು 40 x 60 ಸೆಂಟಿಮೀಟರ್, ಕೆಲವು ಇನ್ನೂ ಅಗಲ. ಕಲ್ಲಿನ ಬಿರುಕು, ಗೋಡೆಯ ಮೇಲೆ ಬೆಳೆದ ಗಿಡ, ಮುರಿದ ಮೆಟ್ಟಿಲು ನೋಡಲು ಇವನನ್ನು ಮೀರಿಸುವವರಿಲ್ಲ. ಗಾತ್ರ ಮತ್ತು ಅಂತರದ ವಿಷಯದಲ್ಲಿ ಮಾತ್ರ ಹುಷಾರು.

ವೆನಿಸ್‌ಗೆ ಮೂವರಿದ್ದಾರೆ: 1703ರಲ್ಲಿ ನೂರಕ್ಕೂ ಹೆಚ್ಚು ಫಲಕ ತಂದ ಲೂಕಾ ಕಾರ್ಲೆವಾರಿಸ್, 1741ರಲ್ಲಿ 21 ನೋಟ ಪ್ರಕಟಿಸಿದ ಮಿಕೆಲೆ ಮಾರಿಯೆಸ್ಕಿ, ಮತ್ತು ಕನಲೆಟ್ಟೊ. ಕನಲೆಟ್ಟೊ ಮಾಡಿದ ಎಚಿಂಗ್‌ಗಳು ಮೂವತ್ತರ ಆಸುಪಾಸು, ಅಷ್ಟೇ. ಆದರೆ ಬಿಸಿಲು, ಬಟ್ಟೆಯ ನೆರಳುಚಪ್ಪರ, ಸಂತೆಯ ಜನರನ್ನು ಅಲುಗುವ ಗೆರೆಯಲ್ಲಿ ಹಿಡಿದದ್ದು ಅವನೊಬ್ಬನೇ. ಫ್ಲಾರೆನ್ಸ್‌ಗೆ ಜುಸೆಪ್ಪೆ ಜೊಕ್ಕಿ ಬರೆದುಕೊಟ್ಟು ಬೇರೆ ಬೇರೆ ಕೈಗಳು ಕೆತ್ತಿದ 24 ನೋಟಗಳು (1744) ಸಾಕು. ಬೀದಿ ಕಸುಬುಗಳಿಗೆ ವೆನಿಸ್‌ನ ಗಯೆಟಾನೊ ಜೊಂಪಿನಿ. ಆತನ ವಿಷಯ ಬೇರೆ ಬಗೆಯದು, ಮುಂದೆ ಬರುತ್ತದೆ.

ಪ್ರತಿ ಹುಡುಕುವಾಗ

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ, ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ತಮ್ಮ ಸಂಗ್ರಹದ ದೊಡ್ಡ ಫೈಲ್‌ಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿವೆ. ಎಷ್ಟು ದೊಡ್ಡದು ಬೇಕು ಎನ್ನುವುದಕ್ಕೆ ಲೆಕ್ಕವಿದೆ. 60 ಸೆಂಟಿಮೀಟರ್ ಅಗಲದ ಫಲಕದ ಫೈಲ್ 4000 ಪಿಕ್ಸೆಲ್ ಅಗಲವಿದ್ದರೆ ಒಂದು ಪಿಕ್ಸೆಲ್‌ಗೆ 0.15 ಮಿಲಿಮೀಟರ್. 15 ಮಿಲಿಮೀಟರ್ ಎತ್ತರದ ಮನುಷ್ಯ 100 ಪಿಕ್ಸೆಲ್ ಆಗುತ್ತಾನೆ. ಕೈಯಲ್ಲಿರುವುದು ಬುಟ್ಟಿಯೋ ಕೊಡವೋ ತಿಳಿಯುತ್ತದೆ. ಅದೇ ಚಿತ್ರ 1000 ಪಿಕ್ಸೆಲ್ ಅಗಲವಿದ್ದರೆ ಆತ 25 ಪಿಕ್ಸೆಲ್, ತಲೆ ಮೂರೋ ನಾಲ್ಕೋ ಚುಕ್ಕಿ. ಅಷ್ಟರಲ್ಲಿ ಹೆಂಗಸು ಗಂಡಸು ಎಂದು ಹೇಳುವುದೂ ಊಹೆಯೇ. 4000ಕ್ಕಿಂತ ಕಡಿಮೆಯ ಫೈಲ್ ಇಟ್ಟುಕೊಂಡು ಜನರ ಬಗ್ಗೆ ಏನೂ ಬರೆದುಕೊಳ್ಳಬೇಡಿ.

ಸಾಧ್ಯವಾದರೆ ಒಂದೇ ಫಲಕದ ಎರಡು ಅಚ್ಚುಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ತೆಗೆದುಕೊಳ್ಳಿ. ಯಾಕೆ ಎಂದು ತಿಳಿಯಲು ಎಚಿಂಗ್ ಆಗುವ ಬಗೆ ಗೊತ್ತಿರಬೇಕು. ತಾಮ್ರದ ತಗಡಿಗೆ ಮೇಣ, ರಾಳ, ಡಾಂಬರು ಬೆರೆಸಿದ ತೆಳು ಲೇಪ ಹಚ್ಚುತ್ತಾರೆ. ಅದನ್ನು ದೀಪದ ಹೊಗೆಗೆ ಹಿಡಿದು ಕಪ್ಪಾಗಿಸಿ, ಸೂಜಿಯಿಂದ ಗೀಚಿ ತಾಮ್ರ ಕಾಣಿಸುತ್ತಾರೆ. ಆಮೇಲೆ ಆಮ್ಲ ಬಿಡುತ್ತಾರೆ. ಗೀಚಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ದೂರದ ಬೆಟ್ಟ, ಆಕಾಶ, ಹಿಂದಿನ ಬೀದಿಯ ಗೆರೆಗಳು ಸ್ವಲ್ಪ ತಿಂದ ಮೇಲೆ ಅವನ್ನು ವಾರ್ನಿಷ್‌ನಿಂದ ಮುಚ್ಚಿ, ಮುಂಭಾಗಕ್ಕೆ ಮತ್ತೆ ಮತ್ತೆ ಆಮ್ಲ ಕೊಡುತ್ತಾರೆ. ಹಾಗಾಗಿ ಮುಂದಿನ ಗೆರೆ ಆಳ, ಹಿಂದಿನದು ತೆಳು. ಶಾಯಿ ತುಂಬಿ, ಒರೆಸಿ, ಒದ್ದೆ ಕಾಗದದ ಜತೆ ಉರುಳೆಗಳ ನಡುವೆ ಹಾಯಿಸಿದ ಪ್ರತಿ ಸಲವೂ ತಾಮ್ರ ತುಸು ಸವೆಯುತ್ತದೆ. ಮೊದಲು ಅಳಿಸಿಹೋಗುವುದು ಆ ತೆಳು ಗೆರೆಗಳು. ಅಂದರೆ ತಡವಾಗಿ ತೆಗೆದ ಅಚ್ಚಿನಲ್ಲಿ ಹಿಂದಿನ ಬೀದಿಯ ಜನ, ಕಿಟಕಿಯ ಬಟ್ಟೆ, ಚಿಮಣಿಯ ಹೊಗೆ ಇರುವುದೇ ಇಲ್ಲ. ಬೀದಿ ಖಾಲಿಯಿತ್ತು ಎಂದು ತೀರ್ಮಾನಿಸಿದರೆ ಕೆಟ್ಟಿತು. ಖಾಲಿಯಾಗಿದ್ದು ಬೀದಿಯಲ್ಲ, ತಗಡು.

ಪಿರನೇಸಿಯ ವಿಷಯದಲ್ಲಿ ಇದು ತೀರಾ ಮುಖ್ಯ. ಆತ ಸತ್ತ ಮೇಲೆ ಮಕ್ಕಳು ತಗಡುಗಳನ್ನು ಪ್ಯಾರಿಸ್‌ಗೆ ಒಯ್ದರು. 1830ರ ದಶಕದಲ್ಲಿ ಅಲ್ಲಿ ಫರ್ಮಿನ್ ದಿದೊ ಮತ್ತೆ ಅಚ್ಚು ಹಾಕಿಸಿದ. ಕೊನೆಗೆ ಪೋಪ್ ಸರ್ಕಾರ ಅವನ್ನು ಕೊಂಡು ರೋಮ್‌ಗೆ ತಂದಿತು, ಅಲ್ಲಿಯೂ ಅಚ್ಚು ಮುಂದುವರಿಯಿತು. 19ನೇ ಶತಮಾನದ ಈ ಪ್ರತಿಗಳಲ್ಲಿ ಕಪ್ಪು ಗಾಢ, ಬಿಳಿ ಬೋಳು, ನಡುವಿನ ಬೂದು ಮಾಯ.

ಅಂಚಿನ ಬರಹ

ಚಿತ್ರದ ಕೆಳಗಿನ ಅಕ್ಷರಗಳನ್ನು ಚಿತ್ರಕ್ಕಿಂತ ಮೊದಲು ಓದಿ. ಹೆಸರಿನ ಮುಂದೆ ‘ಇನ್ವ್.’ ಅಥವಾ ‘ಡೆಲ್.’ ಇದ್ದರೆ ಆತ ಕಲ್ಪಿಸಿದವ, ಬರೆದವ, ‘ಸ್ಕುಲ್ಪ್.’ ಅಥವಾ ‘ಸ್ಕ್.’ ಇದ್ದರೆ ತಗಡಿನ ಮೇಲೆ ಕೆತ್ತಿದವ, ‘ಎಕ್ಸ್ಕ್.’ ಪ್ರಕಾಶಕ. ಬರೆದವನೂ ಕೆತ್ತಿದವನೂ ಬೇರೆಯಾದರೆ, ಜನರು ಕೆತ್ತಿದವನ ಸ್ವಂತ ಸೇರ್ಪಡೆ ಇರಬಹುದು. ಫ್ಲಾರೆನ್ಸ್ ನೋಟಗಳಲ್ಲಿ ಫಲಕಕ್ಕೊಬ್ಬ ಕೆತ್ತುವವ ಇರುವುದರಿಂದ ಒಂದೇ ಊರಿನ ಜನ ಒಂದೊಂದರಲ್ಲಿ ಒಂದೊಂದು ರೀತಿ ಕಾಣುತ್ತಾರೆ.

ಕಾಲ ಗುರುತಿಸಲೂ ಅಂಚೇ ಗತಿ. ಪಿರನೇಸಿಯ ಫಲಕಗಳಲ್ಲಿ ಮೊದಮೊದಲು ರೋಮ್‌ನ ಪುಸ್ತಕ ವ್ಯಾಪಾರಿ ಬುಷಾರ್‌ನ ಅಂಗಡಿಯ ಹೆಸರಿರುತ್ತದೆ. 1761ರಲ್ಲಿ ಆತ ಸ್ಟ್ರಾದಾ ಫೆಲಿಚೆಯ ಪಲಾಜೊ ತೊಮಾತಿಗೆ ಹೋಗಿ ತಾನೇ ಮಾರತೊಡಗಿದ ಮೇಲೆ ಆ ವಿಳಾಸ ಬರುತ್ತದೆ, ಎರಡೂವರೆ ಪಾವೊಲಿ ಎಂಬ ಬೆಲೆಯೊಂದಿಗೆ. ಒಂದು ಸ್ಕೂದೊಗೆ ಹತ್ತು ಪಾವೊಲಿ, ಒಂದು ಪಾವೊಲೊಗೆ ಹತ್ತು ಬಯೊಕ್ಕಿ. ಅಂದರೆ ಒಂದು ಹಾಳೆಗೆ 25 ಬಯೊಕ್ಕಿ. ಹೆಸರಿನ ಮುಂದೆ ‘ಕವಲಿಯೆರೆ’ (ನೈಟ್) ಎಂದಿದ್ದರೆ ಪೋಪ್ 13ನೇ ಕ್ಲೆಮೆಂಟ್ ಅವನಿಗೆ ಪದವಿ ಕೊಟ್ಟ 1767ರ ಆಸುಪಾಸಿನದು ಅಥವಾ ಆಮೇಲಿನದು. ಕನಲೆಟ್ಟೊನ ಮಾಲೆಯ ಮುಖಪುಟವೂ ಹೀಗೇ ಸಿಕ್ಕಿಬೀಳುತ್ತದೆ: ಅದರಲ್ಲಿ ಕನಲೆಟ್ಟೊನ ಪೋಷಕ ಜೋಸೆಫ್ ಸ್ಮಿತ್‌ನನ್ನು ಬ್ರಿಟಿಷ್ ಕಾನ್ಸಲ್ ಎಂದು ಕರೆದಿದೆ, ಆತ ಕಾನ್ಸಲ್ ಆಗಿದ್ದು 1744ರಲ್ಲಿ. ಕೆಲವು ನೋಟ ಜಾಗದಿಂದ ತೆಗೆದದ್ದು, ಕೆಲವು ಕಲ್ಪಿಸಿದ್ದು ಎಂದು ಅದೇ ಮುಖಪುಟ ಒಪ್ಪಿಕೊಂಡೂ ಇದೆ. ಆ ಮಾಲೆಯಿಂದ ಒಂದು ಹಾಳೆ ತೆಗೆದುಕೊಂಡರೆ ಮೊದಲು ಅದು ಯಾವ ಗುಂಪಿನದೆಂದು ನೋಡಬೇಕು.

ಚಿತ್ರದೊಳಗಿನ ಗುರುತಿನ ಅಕ್ಷರಗಳಿಗೆ ಅಂಚಿನಲ್ಲಿ ಕೊಟ್ಟ ಸೂಚಿಯಲ್ಲಿರುವ ಹೆಸರುಗಳು ಇಂದಿನವಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ. ರೋಮನ್ ಫೋರಂನಲ್ಲಿ ‘ಜೋವೆ ಸ್ತಾತೊರೆ’ ಎಂದಿರುವ ಮೂರು ಕಂಬ ಇಂದಿನ ಕ್ಯಾಸ್ಟರ್-ಪೊಲಕ್ಸ್ ಗುಡಿ. ‘ಜೋವೆ ತೊನಾಂತೆ’ ವೆಸ್ಪೇಸಿಯನ್ನನ ಗುಡಿ. ‘ಕೊಂಕೊರ್ದಿಯಾ’ ಎಂಬ ಎಂಟು ಕಂಬ ಸ್ಯಾಟರ್ನ್ ಗುಡಿ. ‘ಪಾಚೆ’ ಗುಡಿ ಎಂಬುದು ಗುಡಿಯೇ ಅಲ್ಲ, ಮ್ಯಾಕ್ಸೆಂಟಿಯಸ್ಸನ ಬಸಿಲಿಕಾ (ಸಾರ್ವಜನಿಕ ಸಭಾಂಗಣ). ಟೈಬರ್ ದಡದ ದುಂಡನೆಯ ‘ವೆಸ್ಟಾ’ ಗುಡಿ ಹರ್ಕ್ಯುಲಿಸ್‌ನದು. ಹಳೆಯ ಹೆಸರು ಹಿಡಿದು ಇಂದಿನ ನಕ್ಷೆಯಲ್ಲಿ ಹುಡುಕಿದರೆ ಬೇರೆ ಮೂಲೆಗೆ ಹೋಗಿ ನಿಲ್ಲುತ್ತೀರಿ.

ಎಡ ಬಲ, ಮತ್ತು ಚಿತ್ರಕಾರ ನಿಂತ ಜಾಗ

ತಗಡಿನ ಮೇಲಿರುವುದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಒಳ್ಳೆಯ ಕಾರ್ಖಾನೆಗಳು ತಗಡಿಗೆ ತಿರುಗಿಸಿಯೇ ಬರೆಯುತ್ತಿದ್ದವು. ನಕಲು ಮಾಡುವವರು ಆ ತಾಪತ್ರಯ ಇಟ್ಟುಕೊಳ್ಳುತ್ತಿರಲಿಲ್ಲ. ಅಕ್ಷರ ನೇರವಾಗಿದೆ ಎಂಬುದು ಸಾಕ್ಷಿಯಲ್ಲ, ಅದನ್ನು ಪ್ರತ್ಯೇಕವಾಗಿ ತಿರುವು ಬರೆಯುತ್ತಿದ್ದರು. ಕಟ್ಟಡಗಳಿಂದಲೇ ಪರೀಕ್ಷಿಸಬೇಕು. ವೆನಿಸ್‌ನ ಸಾನ್ ಮಾರ್ಕೊ ಚೌಕದಲ್ಲಿ ಬಸಿಲಿಕಾ ಚರ್ಚಿಗೆ ಮುಖಮಾಡಿ ನಿಂತರೆ ಎತ್ತರದ ಗಂಟೆಗೋಪುರ ಬಲಕ್ಕೆ, ಗಡಿಯಾರದ ಗೋಪುರ ಎಡಕ್ಕೆ. ಅದಲುಬದಲಾಗಿದ್ದರೆ ನಿಮ್ಮ ಕೈಯಲ್ಲಿರುವುದು ನಕಲಿರಬಹುದು. ಗುರುತಿನ ಕಟ್ಟಡವಿಲ್ಲದಿದ್ದರೆ ಗಂಡಸರ ಕತ್ತಿ ನೋಡಿ: ಬಲಗೈಯಿಂದ ಎಳೆಯಲು ಅದು ಎಡ ಸೊಂಟದಲ್ಲಿರಬೇಕು. ಎಲ್ಲರ ಕತ್ತಿಯೂ ಬಲಕ್ಕಿದ್ದರೆ ಚಿತ್ರ ತಿರುಗಿದೆ. ಮಸೂರ ಮತ್ತು ಕನ್ನಡಿಯ ಪೆಟ್ಟಿಗೆಯಲ್ಲಿ ನೋಡಲೆಂದೇ ಮಾಡಿದ ಬಣ್ಣದ ನೋಟಗಳಲ್ಲಿ ಹಲವು ಬೇಕೆಂದೇ ತಿರುಗಿರುತ್ತವೆ, ಮೇಲಂಚಿನ ಶೀರ್ಷಿಕೆಯೂ ಕನ್ನಡಿ ಬರಹ. ಅವುಗಳ ಬಣ್ಣವಂತೂ ಯಾವುದಕ್ಕೂ ಆಧಾರವಾಗದು.

ರೋಮ್‌ನ ಚಿತ್ರವಾದರೆ ಈಗ ಜಂಬಟ್ಟಿಸ್ಟಾ ನೊಲ್ಲಿಯ 1748ರ ನಕ್ಷೆ ತೆರೆಯಿರಿ. ಹನ್ನೆರಡು ಹಾಳೆ, ಉತ್ತರ ಮೇಲಕ್ಕೆ, ಸಾವಿರದ ಮುನ್ನೂರಕ್ಕೂ ಹೆಚ್ಚು ಜಾಗಗಳಿಗೆ ಸಂಖ್ಯೆ. ಖಾಸಗಿ ಕಟ್ಟಡಗಳಿಗೆ ಕಪ್ಪು ತುಂಬಿ, ಬೀದಿ, ಅಂಗಳ, ಚರ್ಚಿನ ಒಳಾಂಗಣಗಳನ್ನು ಬಿಳಿ ಬಿಟ್ಟಿದ್ದಾನೆ. ಜನ ಎಲ್ಲೆಲ್ಲಿ ಒಳಹೊಕ್ಕು ಹೊರಬರಬಹುದಿತ್ತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಚಿತ್ರದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಮೂಲೆಗಳನ್ನು ಗುರುತಿಸಿ, ನಕ್ಷೆಯ ಮೇಲೆ ಅವುಗಳ ಮೂಲಕ ಗೆರೆ ಎಳೆದು ಮುಂದುವರಿಸಿ. ಇಂಥ ಇನ್ನೊಂದು ಜೋಡಿಯಿಂದ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಚಿತ್ರಕಾರ ನಿಂತಿದ್ದ. ಮೂರನೇ ಜೋಡಿಯ ಗೆರೆ ಅಲ್ಲಿಗೆ ಬರದೆ ಎಲ್ಲೋ ಹೋದರೆ, ಆತ ಎರಡು ಜಾಗದಲ್ಲಿ ನಿಂತು ನೋಡಿದ್ದನ್ನು ಒಂದೇ ಹಾಳೆಗೆ ಹೊಂದಿಸಿದ್ದಾನೆ. ಪಿರನೇಸಿಯಲ್ಲಿ ಇದಕ್ಕೆ ಸಿದ್ಧರಾಗಿಯೇ ಇರಿ.

ನೆರಳನ್ನೂ ಇದೇ ನಕ್ಷೆಯ ಮೇಲೆ ಪರೀಕ್ಷಿಸಬಹುದು. ರೋಮ್ ಸುಮಾರು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರಕ್ಕೆ ಮುಖಮಾಡಿದ ಗೋಡೆಗೆ ಬಿಸಿಲು ಬೀಳುವುದು ಬೇಸಿಗೆಯ ಮುಂಜಾನೆ, ಇಳಿಸಂಜೆ ಮಾತ್ರ. ಅಂಥ ಗೋಡೆ ನಡುಹಗಲಿನಂತೆ ಹೊಳೆಯುತ್ತಿದ್ದರೆ ಬೆಳಕು ಚಿತ್ರಕಾರನ ಮರ್ಜಿಯದು, ನೆರಳಿನಿಂದ ಹೊತ್ತು ಲೆಕ್ಕ ಹಾಕುವ ಕೆಲಸ ಅಲ್ಲಿಗೆ ಬಿಡಿ. ಗೋಡೆಯ ಗಡಿಯಾರ ಕಂಡರೂ ಆತುರ ಬೇಡ. ಆಗ ಇಟಲಿಯಲ್ಲಿ ದಿನ ಮುಗಿಯುತ್ತಿದ್ದುದು ಸೂರ್ಯಾಸ್ತವಾದ ಅರ್ಧ ಗಂಟೆಗೆ, ಅಲ್ಲಿಂದ 24ರವರೆಗೆ ಎಣಿಕೆ. ಹಾಗಾಗಿ ನಡುಹಗಲು ಜೂನ್‌ನಲ್ಲಿ ಸುಮಾರು 16 ಗಂಟೆ, ಡಿಸೆಂಬರ್‌ನಲ್ಲಿ ಸುಮಾರು 19 ಗಂಟೆ.

ಅಳತೆ: ಮನುಷ್ಯನನ್ನು ಕುಗ್ಗಿಸಿದ್ದಾನೆಯೇ?

ಇದು ಐದು ನಿಮಿಷದ ಕೆಲಸ, ಬಿಡಬೇಡಿ. ಚಪ್ಪಟೆ ನೆಲದ ಮೇಲೆ ನಿಂತ ಒಂದೇ ಎತ್ತರದ ಜನರಿಗೆ, ಪಾದದಿಂದ ಕ್ಷಿತಿಜ ರೇಖೆಯವರೆಗಿನ ದೂರಕ್ಕೂ ಪಾದದಿಂದ ತಲೆಯವರೆಗಿನ ಎತ್ತರಕ್ಕೂ ಅನುಪಾತ ಒಂದೇ ಇರಬೇಕು.

1. ಕಟ್ಟಡಗಳ ಅಡ್ಡಗೆರೆಗಳನ್ನು (ಸೂರಂಚು, ಕಿಟಕಿಯ ಸಾಲು) ಮುಂದುವರಿಸಿ. ಅವು ಕೂಡುವ ಬಿಂದುವಿನ ಮೂಲಕ ಅಡ್ಡಕ್ಕೆ ಎಳೆದ ಗೆರೆ ಕ್ಷಿತಿಜ.
2. ಮುಂದೆ ನಿಂತ ಒಬ್ಬನನ್ನು ಅಳೆಯಿರಿ. ಪಾದದಿಂದ ಕ್ಷಿತಿಜಕ್ಕೆ 60 ಮಿಲಿಮೀಟರ್, ಆತನ ಎತ್ತರ 20 ಎಂದಿಟ್ಟುಕೊಳ್ಳಿ. ಅನುಪಾತ ಮೂರನೇ ಒಂದು.
3. ದೂರದಲ್ಲಿ ನಿಂತವನ ಪಾದದಿಂದ ಕ್ಷಿತಿಜಕ್ಕೆ 15 ಮಿಲಿಮೀಟರ್ ಇದ್ದರೆ ಆತ 5 ಮಿಲಿಮೀಟರ್ ಇರಬೇಕು. 3 ಇದ್ದರೆ ಕುಗ್ಗಿಸಲಾಗಿದೆ, ಹಿಂದಿನ ಕಟ್ಟಡ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಲೆಂದು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಮನುಷ್ಯನ ಎತ್ತರ 165 ಸೆಂಟಿಮೀಟರ್ ಎಂದುಕೊಂಡರೆ, ಮೂರನೇ ಒಂದು ಅನುಪಾತವೆಂದರೆ ನೋಡುವ ಕಣ್ಣು ಸುಮಾರು 5 ಮೀಟರ್ ಮೇಲಿದೆ. ಅದು ಬೀದಿಯಲ್ಲಿ ನಿಂತವನ ಕಣ್ಣಲ್ಲ, ಮೊದಲ ಮಹಡಿಯ ಕಿಟಕಿಯದು. ನಕ್ಷೆಯಲ್ಲಿ ಆ ಜಾಗದಲ್ಲಿ ಮನೆಯೇ ಇಲ್ಲದಿದ್ದರೆ ಎತ್ತರ ಕಲ್ಪಿತ.

ಗೊತ್ತಿರುವ ಅಳತೆಯೊಂದು ಸಿಕ್ಕರೆ ಇನ್ನೂ ಸುಲಭ. ಸೇಂಟ್ ಪೀಟರ್ಸ್ ಚೌಕದ ಒಬೆಲಿಸ್ಕ್‌ನ ಕಲ್ಲು, ಪೀಠ ಮತ್ತು ಶಿಲುಬೆ ಬಿಟ್ಟು, ಸುಮಾರು 25 ಮೀಟರ್. ಅದರ ಬುಡದಲ್ಲಿ ನಿಂತವನು ಕಲ್ಲಿನ ಹದಿನೈದನೇ ಒಂದು ಭಾಗ ಇರಬೇಕು. ಇಪ್ಪತ್ತೆರಡನೇ ಒಂದು ಭಾಗವಿದ್ದರೆ ಮನುಷ್ಯನನ್ನು ಮೂರನೇ ಎರಡಕ್ಕೆ ಇಳಿಸಿದ ಹಾಗಾಯಿತು. ಹೀಗೆ ಕುಗ್ಗಿಸಿದ ಚಿತ್ರದಲ್ಲಿ ಚೌಕ ವಿಶಾಲವಾಗಿಯೂ ಜನ ವಿರಳವಾಗಿಯೂ ಕಾಣುತ್ತಾರೆ. ಗಿಜಿಗುಡುವ ಸಂತೆಯೂ ಬಯಲಾಗುತ್ತದೆ.

ನೆಲ ಮತ್ತು ನೀರು

ಪಿರನೇಸಿಯ ಕಾಂಪೊ ವಾಚಿನೊ ನೋಟವನ್ನು ಹತ್ತಿರದಿಂದ ನೋಡೋಣ. ಇಂದು ಪ್ರವಾಸಿಗಳು ಟಿಕೆಟ್ ಕೊಂಡು ಇಳಿಯುವ ರೋಮನ್ ಫೋರಂ ಆಗ ದನ ಮೇಯುವ, ದನ ಮಾರುವ ಬಯಲು. ಸೆಪ್ಟಿಮಿಯಸ್ ಸೆವೆರಸ್‌ನ ಕಮಾನಿನ ಕೆಳಭಾಗ ಮಣ್ಣಿನಲ್ಲಿ ಹೂತಿದೆ. 1803ರಲ್ಲಿ ಪುರಾತತ್ವಜ್ಞ ಕಾರ್ಲೊ ಫೇಯಾ ಅಗೆಸುವವರೆಗೂ ಅದು ಹಾಗೇ ಇತ್ತು. ವೆಸ್ಪೇಸಿಯನ್ನನ ಗುಡಿಯ ಕಂಬಗಳಿಗಾಗಿ ಪ್ರತ್ಯೇಕ ಫಲಕವಿದೆ; ಅದರಲ್ಲಿ ಕಂಬದ ಮೇಲ್ಭಾಗ ಮಾತ್ರ ನೆಲದಿಂದ ಮೇಲಿದ್ದು, ಜನ ಅದರ ಪಕ್ಕದಲ್ಲೇ ಓಡಾಡುತ್ತಾರೆ. ಇಲ್ಲಿ ಉತ್ಪ್ರೇಕ್ಷೆಯಿಲ್ಲ, ಶತಮಾನಗಳ ಹೂಳು ಅಷ್ಟು ಏರಿತ್ತು. ಮರಗಳ ಉದ್ದನೆಯ ಸಾಲು ಪುರಾತನದ್ದಲ್ಲ, 17ನೇ ಶತಮಾನದಲ್ಲಿ ನೆಟ್ಟದ್ದು. ಕ್ಯಾಸ್ಟರ್-ಪೊಲಕ್ಸ್ ಗುಡಿಯ ಮೂರು ಕಂಬಗಳ ಹತ್ತಿರ ದುಂಡನೆಯ ಗ್ರಾನೈಟ್ ಬಾನಿ ಹುಡುಕಿ. ದನಗಳಿಗೆ ನೀರು ಕುಡಿಸುವ ತೊಟ್ಟಿ ಅದು, 1818ರಲ್ಲಿ ಕ್ವಿರಿನಾಲೆ ಗುಡ್ಡದ ಕಾರಂಜಿಗೆ ಸಾಗಿಸಿದರು, ಈಗಲೂ ಅಲ್ಲಿದೆ. ತೊಟ್ಟಿ ಸಿಕ್ಕಿತೆಂದರೆ ದನದ ಸಂತೆಯ ಇಡೀ ವ್ಯವಸ್ಥೆಗೆ ಕೊಂಡಿ ಸಿಕ್ಕಿತು: ನೀರು ಎಲ್ಲಿ, ನೆರಳು ಎಲ್ಲಿ, ಬಂಡಿ ಬಿಡುವುದು ಎಲ್ಲಿ. ತೊಟ್ಟಿಯ ಸುತ್ತಲಿನ ಹಸುಗಳಲ್ಲಿ ಒಂದೆರಡು ಚಿತ್ರಕಾರ ಸೇರಿಸಿದವಿರಬಹುದು. ತೊಟ್ಟಿ ಸೇರಿಸಿದ್ದಲ್ಲ.

ಇದೇ ರೀತಿ ಪ್ರತಿ ಚಿತ್ರದ ನೆಲವನ್ನು ಎಡದಿಂದ ಬಲಕ್ಕೆ ಸವರುತ್ತ ಹೋಗಿ. ಗಾಲಿಯ ಜಾಡು ಎಲ್ಲಿ ಕಲ್ಲುಹಾಸು ಬಿಟ್ಟು ಮಣ್ಣಿಗಿಳಿಯುತ್ತದೆ? ಅರಮನೆಯ ಮುಂದೆ ಗಿಡ್ಡ ಕಲ್ಲುಗೂಟಗಳಿವೆಯೇ? ಇದ್ದರೆ ಸಾರೋಟಿನ ಗಾಲಿ ಗೋಡೆಗೆ ತಾಗದಿರಲೆಂದು ನೆಟ್ಟದ್ದು, ಅಲ್ಲಿ ಸಾರೋಟು ಬರುತ್ತಿತ್ತು. ಪಿಯಾತ್ಸಾ ನವೋನಾದ ನೆಲ ಆಗ ನಡುವೆ ತಗ್ಗಾಗಿತ್ತು. ಆಗಸ್ಟ್‌ನ ಶನಿವಾರ, ಭಾನುವಾರಗಳಲ್ಲಿ ಕಾರಂಜಿಯ ನೀರು ಹೋಗುವ ಬಾಯಿ ಮುಚ್ಚಿ ಚೌಕವನ್ನು ಕೆರೆ ಮಾಡುತ್ತಿದ್ದರು, ಸಾರೋಟುಗಳು ನೀರಿನಲ್ಲೇ ಸುತ್ತುತ್ತಿದ್ದವು. ಗಾಲಿಯ ಸುತ್ತ ಅಡ್ಡಗೆರೆಗಳ ಅಲೆ ಕಂಡರೆ ಮಳೆಯೆಂದು ಬರೆದುಕೊಳ್ಳಬೇಡಿ.

ವೆನಿಸ್‌ನಲ್ಲಿ ಪ್ರಶ್ನೆಗಳು ಬೇರೆ. ಅಲ್ಲಿ ಗಾಲಿಯೇ ಇಲ್ಲ. ಬಂಡಿಯೋ ಕುದುರೆಗಾಡಿಯೋ ಕಂಡರೆ ಆ ನೋಟ ಕಲ್ಪನೆಯದು, ಅಥವಾ ದೋಲೊ, ಮೆಸ್ಟ್ರೆಯಂಥ ಒಳನಾಡಿನದು. ಕನಲೆಟ್ಟೊ ಆ ಎರಡೂ ಊರುಗಳನ್ನು ಕೆತ್ತಿದ್ದಾನೆ. ಸೇತುವೆಗೆ ಕೈಕಂಬಿ ಇಲ್ಲದಿದ್ದರೆ ತಪ್ಪೆಂದು ತಿಳಿಯಬೇಡಿ, ಆಗ ಬಹಳಷ್ಟು ಸೇತುವೆಗಳಿಗೆ ಇರಲಿಲ್ಲ. ಚೌಕದ ನಡುವಿನ ಬಾವಿಕಟ್ಟೆ ಬಾವಿಯಲ್ಲ, ಮಳೆನೀರಿನ ತೊಟ್ಟಿಯ ಬಾಯಿ: ಉಪ್ಪುನೀರು ನುಗ್ಗದಂತೆ ಜೇಡಿಮಣ್ಣು ಮೆತ್ತಿದ ಗುಂಡಿ, ಒಳಗೆ ಸೋಸುವ ಮರಳು. ಕಟ್ಟೆಯ ಸುತ್ತ ನೆಲದಲ್ಲಿ ತೂತು ಕೊರೆದ ಚಪ್ಪಡಿಗಳು, ಸಾಮಾನ್ಯವಾಗಿ ನಾಲ್ಕು, ಇರಬೇಕು. ಮಳೆನೀರು ಇಳಿಯುವುದು ಅಲ್ಲಿಂದ. ಚೌಕದ ಇಳಿಜಾರು ಆ ತೂತುಗಳ ಕಡೆಗಿದೆಯೇ ನೋಡಿ. ಇಷ್ಟನ್ನು ಸರಿಯಾಗಿ ತೋರಿಸಿದ ಚಿತ್ರಕಾರ ಜಾಗ ನೋಡಿಯೇ ಬರೆದಿದ್ದಾನೆ. ತಲೆಯೆತ್ತಿದರೆ ಚಿಮಣಿಗಳು ಮೇಲಕ್ಕೆ ಹೋಗುತ್ತ ಗಂಟೆಯ ಹಾಗೆ ಅಗಲವಾಗುತ್ತವೆ, ಕಿಡಿ ಹಾರಿ ಅಕ್ಕಪಕ್ಕದ ಮಾಡು ಹೊತ್ತದಿರಲೆಂದು. ಮಾಡಿನ ಮೇಲಿನ ಮರದ ಅಟ್ಟ ಬಟ್ಟೆ ಒಣಗಿಸುವ ಜಾಗ.

ಜನ

ಈಗ ಜನರಿಗೆ ಬರಬಹುದು. ಚಿತ್ರವನ್ನು ಅಡ್ಡಕ್ಕೆ ಆರು, ಉದ್ದಕ್ಕೆ ನಾಲ್ಕು ಚೌಕಗಳಾಗಿ ಭಾಗಿಸಿ, ಒಂದೊಂದು ಚೌಕದಲ್ಲಿ ಪ್ರತಿಯೊಬ್ಬನ ಕೈಯಲ್ಲೇನಿದೆ ಎಂದು ಮಾತ್ರ ಬರೆದುಕೊಳ್ಳಿ. ಮುಖಭಾವ, ಬಡತನ, ಸಿರಿತನ ಬೇಡ. ಹೊರೆ ಹೊತ್ತವರು, ಹಗ್ಗ ಎಳೆಯುವವರು, ಮಾರಲು ಕೂತವರು, ನೀರು ತುಂಬುವವರು ಒಂದು ಕಡೆ. ಕೈ ಬೀಸುವವರು, ಬೆರಳು ತೋರುವವರು, ಅವಶೇಷದ ಮೇಲೆ ಒರಗಿದವರು ಇನ್ನೊಂದು ಕಡೆ. ಎರಡನೇ ಗುಂಪು ಕಟ್ಟಡದ ಕಡೆಗೆ ಕಣ್ಣು ತಿರುಗಿಸಲು ಇಟ್ಟ ಗೊಂಬೆಗಳು, ಬದಿಗಿಡಿ. ಮೊದಲ ಗುಂಪಿನವರಲ್ಲಿ ನೋಡಬೇಕಾದ್ದು ಹೊರೆ ಹೊರುವ ಬಗೆ: ತಲೆಯ ಮೇಲೋ, ಹೆಗಲ ಕೋಲಿನ ಎರಡು ತುದಿಗೋ, ಬೆನ್ನಿಗೋ. ಅದು ಊರೂರಿಗೆ ಬೇರೆ. ಆಮೇಲೆ ಅದೇ ಚಿತ್ರಕಾರನ ಇನ್ನೆರಡು ಫಲಕ ತೆರೆದು, ಅದೇ ಭಂಗಿಯವ ಅಲ್ಲೂ ಇದ್ದಾನೆಯೇ ಹುಡುಕಿ. ಇದ್ದರೆ ಆ ಸಾಲಿಗೆ ಅಡ್ಡಗೆರೆ.

ವೆನಿಸ್‌ನಲ್ಲಿ ಬಿಳಿ ಮುಖವಾಡ, ಮೂರು ಮೂಲೆಯ ಟೋಪಿ, ಕಪ್ಪು ನಿಲುವಂಗಿಯವರು ಕಂಡರೆ ಕಾರ್ನಿವಲ್ ದಿನವೆಂದೇ ಅಲ್ಲ, ವರ್ಷದಲ್ಲಿ ಹಲವು ತಿಂಗಳು ಆ ವೇಷಕ್ಕೆ ಅವಕಾಶವಿತ್ತು. ದೋಣಿಗಳಲ್ಲಿ ಗೊಂಡೋಲಾದ ನಡುವೆ ಕಪ್ಪು ಗೂಡು ಇರಬೇಕು. ಇಂದಿನ ಗೊಂಡೋಲಾದಲ್ಲಿ ಅದಿಲ್ಲ, ಹಾಗೆಂದು ಬೇರೆ ದೋಣಿ ಎಂದುಕೊಳ್ಳುವವರುಂಟು.

ಜೊಂಪಿನಿ: ಲೆಕ್ಕ ತಲೆಕೆಳಗು

ಜೊಂಪಿನಿ 1753ರಲ್ಲಿ ತಂದ ವೆನಿಸ್‌ನ ಬೀದಿ ಕಸುಬುಗಳ ಮಾಲೆ ಪೂರ್ಣವಾಗಿ 60 ಫಲಕ. ಆತನ ಜೀವಮಾನದಲ್ಲಿ ಹೆಚ್ಚು ಮಾರಾಟವಾಗಲಿಲ್ಲ. 1778ರಲ್ಲಿ ಆತ ತೀರಿಕೊಂಡ ಮೇಲೆ 1785ರಲ್ಲಿ ಮತ್ತೆ ಅಚ್ಚಾಯಿತು, ಇಂದು ನೋಡಲು ಸಿಗುವುದು ಹೆಚ್ಚಾಗಿ ಅದೇ. ಇಲ್ಲಿ ಮನುಷ್ಯನೇ ವಿಷಯ, ಹಿಂದಿನ ಬೀದಿ ನೆಪಕ್ಕೆ. ಹಾಗಾಗಿ ನಂಬಿಕೆಯ ಕ್ರಮ ತಿರುಗುತ್ತದೆ: ಮೊದಲು ಕೈಯಲ್ಲಿರುವ ಸಾಮಾನು, ಆಮೇಲೆ ದೇಹದ ನಿಲುವು, ನೆಲ ಕೊನೆಗೆ. ಸಾಣೆಯವ, ಕುರ್ಚಿ ಹೆಣೆಯುವವ, ಚಿಮಣಿ ಗುಡಿಸುವವ, ಪೆಟ್ಟಿಗೆಯೊಳಗೆ ಚಿತ್ರ ತೋರಿಸುವವ. ಸಾಣೆಯ ಕಲ್ಲು ತಿರುಗುವುದು ಕಾಲಿನಿಂದಲೋ ಕೈಯಿಂದಲೋ, ಕಲ್ಲಿಗೆ ನೀರು ಎಲ್ಲಿಂದ ತೊಟ್ಟಿಕ್ಕುತ್ತದೆ, ಇಡೀ ಸಲಕರಣೆ ಒಬ್ಬನೇ ತಳ್ಳುವಂಥದೋ ಎಂದು ನೋಡುತ್ತ ಹೋದರೆ ಒಂದೊಂದು ಹಾಳೆಯೂ ಅರ್ಧ ಗಂಟೆ ಬೇಡುತ್ತದೆ.

ಪ್ರತಿ ಹಾಳೆಯ ಕೆಳಗೆ ವೆನಿಸ್ ಮಾತಿನಲ್ಲಿ ಮೂರು ಸಾಲಿನ ಪದ್ಯವಿದೆ. ಬಿಡದೆ ಓದಿ, ಚಿತ್ರ ಹೇಳದ್ದನ್ನು ಅದು ಹೇಳುತ್ತದೆ. ಲಾಟೀನು ಹಿಡಿಯುವ ಕೊದೇಗನ ಪದ್ಯದಲ್ಲಿ ಆತನೇ ಮಾತಾಡುತ್ತಾನೆ: ರಾತ್ರಿ ನಾಟಕಕ್ಕೋ ರಿದೊತ್ತೊಗೋ ದೀಪ ತೋರುವವ ತಾನು, ಕಾಸು ಕೊಟ್ಟರೆ ಎಲ್ಲಿಗೂ ದಾರಿ ಬಲ್ಲೆ. ರಿದೊತ್ತೊ ಸರ್ಕಾರದ ಒಪ್ಪಿಗೆಯಿದ್ದ ಜೂಜುಮನೆ, 1774ರಲ್ಲಿ ಮುಚ್ಚಿಸಿದರು. ಅಂದರೆ 1785ರ ಪ್ರತಿ ಕೊಂಡವರ ಕೈಯಲ್ಲಿದ್ದುದು ಆಗಲೇ ಹಳತಾದ ಊರು. ಅಚ್ಚಾದ ವರ್ಷವನ್ನು ಕಸುಬಿನ ವರ್ಷವೆಂದು ಹಿಡಿಯಬೇಡಿ. ಬೀದಿ ಕಸುಬುಗಳನ್ನು ಸಾಲಾಗಿ ಕೆತ್ತುವ ರೂಢಿಯೂ ಹಳೆಯದು, ಅನ್ನಿಬಾಲೆ ಕರ್ರಾಚ್ಚಿಯ ಬೊಲೊನ್ಯಾ ಕಸುಬುದಾರರು 1646ರಲ್ಲೇ ಅಚ್ಚಾಗಿದ್ದರು. ನಿಲುವು ಅಲ್ಲಿಂದ ಬಂದಿರಬಹುದು, ಸಾಮಾನು ವೆನಿಸ್‌ನದು.

ಟಿಪ್ಪಣಿ ಬರೆಯುವ ರೀತಿ

ಐದು ಕಲಂ ಸಾಕು: ಚೌಕದ ಸಂಖ್ಯೆ, ಕಂಡದ್ದು, ಯಾವ ಅಚ್ಚಿನಲ್ಲಿ ಕಂಡದ್ದು, ಇನ್ನೊಬ್ಬ ಚಿತ್ರಕಾರನಲ್ಲಿ ಇದೆಯೇ, ನಂಬಿಕೆಯ ಮಟ್ಟ. ಇಬ್ಬರು ಸ್ವತಂತ್ರವಾಗಿ ತೋರಿಸಿದ್ದು ಒಂದನೇ ಮಟ್ಟ, ಒಬ್ಬನೇ ತೋರಿಸಿದ ಸ್ಥಿರ ವಸ್ತು ಎರಡು, ಒಬ್ಬನೇ ತೋರಿಸಿದ ಜನ ಮೂರು. ಒಬ್ಬ ಇನ್ನೊಬ್ಬನನ್ನು ನೋಡಿ ಬರೆದಿದ್ದರೆ ಎರಡು ಸಾಕ್ಷಿ ಆಗುವುದಿಲ್ಲ. ಮುಗಿಯದ ಕಟ್ಟಡಗಳ ಬಗ್ಗೆಯೂ ಎಚ್ಚರ: ತ್ರೇವಿ ಕಾರಂಜಿಯ ಕೆಲಸ 1732ರಿಂದ 1762ರವರೆಗೆ ನಡೆಯಿತು, 1762ಕ್ಕೂ ಮುಂಚಿನ ಫಲಕದಲ್ಲಿ ಅದು ಪೂರ್ತಿಯಾಗಿ ನಿಂತಿದ್ದರೆ ನಕಾಶೆ ನೋಡಿ ಬರೆದದ್ದು, ಅದರ ಮುಂದಿನ ಜನರೂ ಅಷ್ಟೇ.

ಕಾಣದಿರುವುದನ್ನೂ ಒಂದು ಸಾಲಿನಲ್ಲಿ ಗುರುತು ಹಾಕಿ. ಅಡುಗೆಮನೆ, ಹೆರಿಗೆ, ನೇಯ್ಗೆ ಈ ನೋಟಗಳಲ್ಲಿ ಇಲ್ಲ. ಮಳೆಗಾಲವಿಲ್ಲ. ರಾತ್ರಿ ಬರುವುದು ಹೆಚ್ಚಾಗಿ ಪಟಾಕಿಯ ಉತ್ಸವಕ್ಕೆ. ನೇಪಲ್ಸ್ ರಾಜನ ಪರವಾಗಿ ಪೋಪ್‌ಗೆ ಕಪ್ಪ ಒಪ್ಪಿಸುತ್ತಿದ್ದ ಕಿನೇಯಾ ಹಬ್ಬದ ತಾತ್ಕಾಲಿಕ ಕಟ್ಟಡಗಳನ್ನು ವಾಸಿ ಕೆತ್ತಿದ್ದಾನೆ.

ಮೊದಲ ಅಭ್ಯಾಸಕ್ಕೆ ಪೊರ್ತೊ ದಿ ರಿಪೆತ್ತಾ ತೆಗೆದುಕೊಳ್ಳಿ. 1703-05ರಲ್ಲಿ ಅಲೆಸ್ಸಾಂದ್ರೊ ಸ್ಪೆಕ್ಕಿ ಕಟ್ಟಿದ ಟೈಬರ್ ಬಂದರು ಇದು, 1703ರ ಭೂಕಂಪದಲ್ಲಿ ಕೊಲೊಸಿಯಂನಿಂದ ಬಿದ್ದ ಕಲ್ಲುಗಳೂ ಇದರ ಮೆಟ್ಟಿಲಾಗಿವೆ. ನದಿಯ ಮೇಲ್ಭಾಗದಿಂದ ದ್ರಾಕ್ಷಾರಸ, ಸೌದೆ, ಧಾನ್ಯ ಬರುತ್ತಿದ್ದುದು ಇಲ್ಲಿಗೆ; ಸಮುದ್ರದ ಕಡೆಯಿಂದ ಬಂದ ದೋಣಿಗಳು ಕೆಳಗಿನ ರಿಪಾ ಗ್ರಾಂದೆಗೆ ಹೋಗುತ್ತಿದ್ದವು. ಇದನ್ನು ವಾಸಿಯೂ ಕೆತ್ತಿದ್ದಾನೆ, ಪಿರನೇಸಿಯೂ ಕೆತ್ತಿದ್ದಾನೆ, ನೊಲ್ಲಿಯ ನಕ್ಷೆಯಲ್ಲೂ ಇದೆ. 19ನೇ ಶತಮಾನದ ಕೊನೆಯಲ್ಲಿ ನದಿಗೆ ಎತ್ತರದ ದಡ ಕಟ್ಟುವಾಗ ಕೆಡವುವ ಮುಂಚೆ ಇದರ ಫೋಟೊಗಳನ್ನೂ ತೆಗೆದಿದ್ದರು, ಹಾಗಾಗಿ ನಿಮ್ಮ ತೀರ್ಮಾನಗಳನ್ನು ತಾಳೆ ನೋಡಬಹುದು. ಬಾಗಿದ ಮೆಟ್ಟಿಲ ಸಾಲು, ಸುಂಕದ ಕಟ್ಟೆ, ಪ್ರವಾಹದ ಮಟ್ಟ ಗುರುತಿಸಿದ ಎರಡು ಗಿಡ್ಡ ಕಂಬ, ದೋಣಿ ಕಟ್ಟುವ ಜಾಗ, ಈ ನಾಲ್ಕನ್ನು ಮೊದಲು ವಾಸಿಯಲ್ಲಿ ಹುಡುಕಿ ಬರೆದುಕೊಳ್ಳಿ. ಪಿರನೇಸಿಯದನ್ನು ಆಮೇಲೆ ತೆರೆಯಿರಿ, ಫೋಟೊವನ್ನು ಎಲ್ಲಕ್ಕಿಂತ ಕೊನೆಗೆ.